ಏಕಾದಶಿ ಆಲೂಗಡ್ಡಿಗೆ ಒಂದು ಚಿಟಿಕಿ ಇಂಗು

ಸ್ವಲ್ಪ ಹತ್ತಿರ ಸರೀರಿ. ಬರುವಾಗ ಆ ಬಾಗಲಾ ಮುಂದ ಮಾಡಿ ಬರ್ರಿ, ಸೊಸಿ ಒಳಗ ಅದಾಳ, ಆಕಿ ಕಿವಿ ಗ್ವಾಡಿ ಆಚಿಗಿಂದೂ ಕೇಳತಾವು. ನಾ ಈಗ ಹೇಳೂದು ನಿಮ್ಮ ಹೊಟ್ಟ್ಯಾಗ ಇರಬೇಕು. ನಮ್ಮ ಲೈನಿನ್ಯಾಗ ಒಬ್ಬರಿಗೆ ತಿಳೀತಂದ್ರ ಈ ಕುಷಾಯಿಗೂಡ ಏರಿಯಾದಾಗ ನಾ ತಲಿ ಎತ್ತಿ ತಿರಗಾಕ ಆಗೂದಿಲ್ಲ. ಇಷ್ಟು ವರ್ಷ ಮಂದಿ ಗುಟ್ಟು ಹೇಳಿಕೋತ ಬಂದೀನಿ, ಎಂದೂ ತ್ರಾಸ ಆಗಿಲ್ಲ. ಇದೊಂದು ನನ್ನ ಗುಟ್ಟು, ಅದಕ್ಕ ನಾಲಿಗಿ ಏಳವಲ್ದು.

ಇಂಥವು ನನ್ನ ಪಾಲಿಗೇ ಯಾಕ ಬರತಾವೋ ದೇವರಿಗೇ ಗೊತ್ತು. ಒಂದು ಮುಗೀತು ಅನ್ನೂದರಾಗ ಇನ್ನೊಂದು ಬಂದು ಕದಾ ಬಡೀತೈತಿ. ನನ್ನ ಓರಗಿ ಹೆಣ್ಣಮಕ್ಕಳು ಟಿವಿ ಮುಂದ ಕಾಲು ಚಾಚಿ ಕೂತಾರ. ನಾ ಎಪ್ಪತ್ತು ದಾಟಿದರೂ ಒಲಿ ಮುಂದ ನಿಂತು ಆಲೂಗಡ್ಡಿ ಹುರಕೋತ ಬಂದೀನಿ. ಅದೂ ನಮ್ಮ ಮನಿಗೆ ಅಲ್ಲ. ಬಾಣಲಿ ಚಟಪಟ ಅಂದ್ರ ಮೊಣಕಾಲೂ ಚಟಪಟ ಅಂತಾವು, ಯಾವ ಸದ್ದು ಎಲ್ಲಿಂದ ಬಂತಂತ ನಂಗೇ ತಿಳಿಯೂದಿಲ್ಲ. ಸಾಕಾಗಿ ಹೋಗೈತಿ. ಹೆಂಗ ಸಾಕಾತು ಅಂತ ಹೇಳತೀನಿ.

ಬಾಣಲಿ ಕಡಾ ಒಯ್ದಾಕಿ

ನಮ್ಮನಿಯವರು ಇಲ್ಲಿ ದೊಡ್ಡ ಫ್ಯಾಕ್ಟರಿಯಾಗ ಕೆಲಸಕ್ಕಿದ್ರು. ಬೀದರ ಕಡಿಂದ ಬಂದ್ವಿ, ಇಲ್ಲೇ ಮನಿ ಕಟ್ಟಿದ್ವಿ. ಲೈನಿನ್ಯಾಗ ನಮ್ಮ ಕಡಿ ಮಂದಿದು ಹತ್ತು ಹನ್ನೆರಡು ಮನಿ. ಹೊರಗ ಎಲ್ಲಾರೂ ತೆಲುಗು, ಹಿಂದಿ ಮಾತಾಡತಾರ; ಜಗಳಾಡುವಾಗ, ಉಪವಾಸ ಮಾಡುವಾಗ ಮಾತ್ರ ಕನ್ನಡ.

ಎಲ್ಲರ ಮನ್ಯಾಗೂ ಏಕಾದಶಿ. ಏಕಾದಶಿ ಅಂದ್ರ ಅಕ್ಕಿ ಇಲ್ಲ, ಗೋದಿ ಇಲ್ಲ, ಜ್ವಾಳಾ ಇಲ್ಲ, ಬ್ಯಾಳಿ ಇಲ್ಲ. ಧಾನ್ಯ ಅಂಬೂದು ನಾಲಿಗಿಗೆ ತಾಕಬಾರದು. ಉಳಿದದ್ದೇನು? ಸಾಬುದಾಣಿ ಖಿಚಡಿ, ಶೇಂಗಾದ ಉಂಡಿ, ಬಾಳೆಹಣ್ಣು, ಬಾಜೂಕ ಹುರಿದ ಆಲೂಗಡ್ಡಿ. ಉಪವಾಸ ಅಂತ ಹೆಸರು, ಫರಾಳ ಮುಗಿದ ಮ್ಯಾಲೆ ಎದ್ದು ನಿಲ್ಲಾಕ ಗ್ವಾಡಿ ಹಿಡೀಬೇಕು.

ಈ ಹುರಿದ ಆಲೂಗಡ್ಡಿ ಇಡೀ ಲೈನಿನ್ಯಾಗ ನಂದೇ. ಅದಕ್ಕ ಅರಿಶಿಣ ಹಾಕೂಹಂಗಿಲ್ಲ, ಸಾಸ್ವಿ ಹಾಕೂಹಂಗಿಲ್ಲ. ತುಪ್ಪ ಕಾಯಿಸಬೇಕು, ಜೀರಗಿ ಸಿಡಿಸಬೇಕು, ಹಸಿ ಮೆಣಸಿನಕಾಯಿ ಜಜ್ಜಿ ಹಾಕಬೇಕು, ಹೆಚ್ಚಿದ ಆಲೂಗಡ್ಡಿ ಹಾಕಿ ಸಣ್ಣ ಉರಿ ಮ್ಯಾಲೆ ಮಗ್ಗಲಾ ತಿರುವಿಕೋತ ಕೆಂಪಗ ಮಾಡಬೇಕು. ಮ್ಯಾಲೆ ಸೈಂಧವ ಉಪ್ಪು, ಕುಟ್ಟಿದ ಮೆಣಸು, ನಾಕು ಹನಿ ಲಿಂಬಿ. ಯಾರು ಕೇಳಿದರೂ ನಾ ಇಷ್ಟೇ ಹೇಳೂದು. ಕಡೀಕ ಒಲಿ ಆರಿಸಿ, ಅಂಗೈಯಷ್ಟು ನೀರಿನ್ಯಾಗ ಒಂದು ಚಿಟಿಕಿ ಇಂಗು ಕದಡಿ, ಚಿಮುಕಿಸಿ, ಮುಚ್ಚಿ ಇಡತಿದ್ದೆ. ಇದು ಯಾರಿಗೂ ಹೇಳಿಲ್ಲ. ನಮ್ಮತ್ತಿ ನನಗ ಹೇಳಿದ್ದು. ಇಂಗು ಗಿಡದ ಹಾಲು, ಧಾನ್ಯ ಅಲ್ಲ, ಏಕಾದಶಿಗೆ ನಡೀತೈತಿ, ಆದ್ರ ಯಾರಿಗೂ ಹೇಳಬ್ಯಾಡ, ಹೇಳಿದ್ರ ನಿನಗ ಕಿಮ್ಮತ್ತು ಉಳಿಯೂದಿಲ್ಲ ಅಂದಿದ್ದಳು. ಆಕಿ ಕಾಲಕ್ಕ ಬೇಗಂ ಬಜಾರದಿಂದ ಕಲ್ಲಿನಂಥಾ ಗಟ್ಟಿ ಇಂಗು ಬರತಿತ್ತು. ಆಕಿ ಹೋದ ಮ್ಯಾಲೆ ಅದನ್ನ ಕುಟ್ಟಾಕ ನನ್ನ ಮಣಿಕಟ್ಟಿನ್ಯಾಗ ಕಸುವು ಉಳೀಲಿಲ್ಲ. ಪುಡಿ ಇಂಗಿನ ಡಬ್ಬಿ ತರಾಕ ಸುರು ಮಾಡಿದೆ.

ಮೂರನೇ ಮನಿ ರಾಯಚೂರಾಕಿಗೆ ನನ್ನ ಆಲೂಗಡ್ಡಿ ಮ್ಯಾಲೆ ಭಾಳ ಹೊಟ್ಟಿಕಿಚ್ಚು. ಒಂದು ಏಕಾದಶಿ ವಹಿ, ಪೆನ್ನು, ಚಮಚಾ ಹಿಡಕೊಂಡು ಬಂದು ನನ್ನ ಬಾಜೂಕ ನಿಂತಳು. ಜೀರಗಿ ಎಷ್ಟಂತ ಚಮಚಾದಾಗ ಅಳೆದು ಬರಕೊಂಡಳು. ಕಡೀಗೆ ನಾ, ಹೊರಗ ಕಾಯಿಪಲ್ಲೆ ಗಾಡಿ ಬಂತೇನ ನೋಡ್ರಿ ಅಂತ ಕಳಿಸಿ, ಆಕಿ ಹೋಗಿ ಬರೂದರಾಗ ನನ್ನ ಕೆಲಸ ಮುಗಿಸಿದೆ. ಆಕಿ ಮನಿಗೆ ಹೋಗಿ ಮೂರು ಸಲ ಮಾಡಿದಳಂತ, ಮೂರು ಸಲಾನೂ ಗಂಡ ತಾಟು ದೂರ ಸರಿಸಿದನಂತ. ವಹಿಯಾಗ ಎಲ್ಲಾ ಬರೋಬರಿ ಐತಿ, ತಪ್ಪು ಬಾಣಲಿದ ಇರಬೇಕು ಅಂತ ತೀರ್ಮಾನ ಮಾಡಿ ನನ್ನ ಬಾಣಲಿ ಒಂದು ದಿನಕ್ಕ ಕಡಾ ಒಯ್ದಳು. ಮರುದಿನ ತಂದು ಕಟ್ಟಿ ಮ್ಯಾಲೆ ಇಟ್ಟು, ನಿಮ್ಮ ಬಾಣಲಿನೂ ಕೆಟ್ಟೈತ್ರಿ, ಒಂದ್ಸಲ ತೋರಸ್ರಿ ಅಂತ ಹೇಳಿ ಹೋದಳು.

ನೀರು ಕೇಳಿದ ಕಾಕಾ

ಈಗ ಮುಖ್ಯ ಮಾತಿಗೆ ಬರತೀನಿ. ನಮ್ಮ ಎದುರುಮನಿಯಾಕಿಗೆ ಒಬ್ಬಾಕೇ ಮಗಳು. ನಾರಾಯಣಗೂಡದ ಕೋಚಿಂಗಿನ್ಯಾಗ ಮಕ್ಕಳಿಗೆ ಗಣಿತ ಕಲಸತಾಳ. ಸಣ್ಣಾಕಿ ಇದ್ದಾಗಿಂದ ನನ್ನ ಅಡಗಿಮನಿ ಕಟ್ಟಿ ಮ್ಯಾಲೆ ಕೂತು ಬಾಣಲಿಯಿಂದನ ಆಲೂಗಡ್ಡಿ ಆರಿಸಿ ತಿಂದು ಬೆಳೆದಾಕಿ. ಈಗಲೂ ನನ್ನ ಮೊಣಕಾಲಿಗೆ ಎಣ್ಣಿ ತಂದು ಕೊಡಾಕಿ ಆಕೀನ, ನನ್ನ ಮಗ ಅಲ್ಲ. ಹುಡುಗಿ ಬಂಗಾರ. ಆದ್ರ ವಯಸ್ಸು ಏರಿತ್ತು, ಲಗ್ನ ಆಗಿರಲಿಲ್ಲ. ಆಕಿ ಬೈತಲಿ ಹತ್ತಿರ ಎರಡು ಬೆಳ್ಳನ ಕೂದಲಾನೂ ಕಂಡಿದ್ದವು.

ನಮ್ಮದು ತಿರುವಿನ ಮನಿ. ಎದುರುಮನಿಗೆ ಬರೋರು ಯಾರಾದರೂ ಮೊದಲ ನಮ್ಮ ಗೇಟಿನ್ಯಾಗ ನಿಂತು ಕೇಳಬೇಕು. ನಾ ಹೊತ್ತೆಲ್ಲಾ ಅಲ್ಲೇ ಖುರ್ಚಿ ಹಾಕ್ಕೊಂಡಿರತೀನಿ, ಗಾಳಿ ಚಲೋ ಬರತೈತಿ ಅಂತ.

ಮೊದಲ ಸಂಬಂಧದಾಗ ಹುಡುಗನ ಕಾಕಾ ಬಂದ. ಅಡ್ರೆಸ್ಸಿನ ಚೀಟಿ ಹಿಡಕೊಂಡು ತೆಲುಗಿನ್ಯಾಗ ಕೇಳಾಕ ಹೋದ. ನಮ್ಮ ಕಡಿಯವನು ಅಂತ ಮಾರಿ ನೋಡಿನ ಗೊತ್ತಾತು. ಬಿಸಲಾಗ ಬಂದಾನ, ಕುಂಡ್ರಿಸಿ ನೀರು ಕೊಟ್ಟೆ. ಹುಡುಗಿ ಹೆಂಗ್ರಿ ಅಂತ ಕೇಳಿದ. ನಾ ಯಾರ ಸುದ್ದಿಗೂ ಹೋಗೂ ಹೆಣ್ಣಲ್ಲ, ಆದ್ರ ಕೇಳಿದವರಿಗೆ ಸುಳ್ಳು ಹೇಳಾಕ ಬರೂದಿಲ್ಲ. ಬಂಗಾರಂಥಾ ಹುಡುಗಿ, ಭಾಳ ಶಾಣ್ಯಾಕಿ, ನಮ್ಮ ಮಗನ ಕೂಡ ಒಂದೇ ವರ್ಷ ಹುಟ್ಟಿದಾಕಿ ಅಂದೆ. ನಿಮ್ಮ ಮಗನ ವಯಸ್ಸೆಷ್ಟು ಅಂದ. ಮೂವತ್ತಮೂರು ಅಂದೆ. ಅವರು ಇಪ್ಪತ್ತೆಂಟು ಬರದಿದ್ರಂತ. ಇನ್ನೊಂದು ಲೋಟ ನೀರು ಕೇಳಿದ.

ಆ ಎರಡನೇ ಲೋಟ ಕುಡಿದು ಎದುರುಮನಿಗೆ ಹೋಗದನ ಆಟೋ ಹತ್ತಿ ಹೋದ. ನಾ ಎದುರುಮನಿಯಾಕಿಗೆ ಹೋಗಿ ಹೇಳಿದೆ: ನಿಮ್ಮ ಬೀಗರು ಚಲೋ ಮಂದಿ ಕಾಣತಾರ, ಆದ್ರ ನೀರಡಿಕಿ ಭಾಳ.

ಒಂದು ಆಮ್ಲೆಟ್

ಎರಡನೇ ಸಂಬಂಧ ಭಾಳ ಮಡಿ ಮಂದಿ. ಹುಡುಗನ ತಂದಿ ತಾಯಿ ಇಬ್ಬರೂ ಬಂದ್ರು. ಹೊರಗಿನ ನೀರೂ ಕುಡಿಯೂದಿಲ್ಲ ಅಂದ್ರು, ಹಂಗಾಗಿ ಬರೇ ಮಾತು ಕೊಟ್ಟೆ. ಮನಿತನ ಹೆಂಗ, ಊಟ ಉಪಚಾರ ಹೆಂಗ ಅಂತ ಹೆಣ್ಣಮಗಳು ಕೇಳಿದಳು. ಶುದ್ಧ ಮನಿತನ, ಉಳ್ಳಾಗಡ್ಡಿ ಸೈತ ನಾಕು ತಿಂಗಳು ತರೂದಿಲ್ಲ ಅಂದೆ. ಆಕಿ ಮಾರಿ ಅರಳಿತು. ಅಷ್ಟಕ್ಕೇ ಬಿಡಬೇಕಿತ್ತು. ಆದ್ರ ಮಾತು ಅಂಬೂದು ಇಳಿಜಾರಿನ ಗಾಡಿ ಇದ್ದಂಗ, ಬ್ರೇಕು ಹಿಡಿಯೂದರಾಗ ಕೆಳಗ ಹೋಗಿರತೈತಿ. ಇಷ್ಟು ಶುದ್ಧ ಹೆಂಗ ಆತು ಗೊತ್ತೇನ್ರಿ ಅಂತ ಸುರು ಮಾಡಿದೆ. ಹುಡುಗಿ ತಂದಿ ಹರೇದಾಗ ಫ್ಯಾಕ್ಟರಿ ಕ್ಯಾಂಟೀನಿನ್ಯಾಗ ಒಂದು ಆಮ್ಲೆಟ್ ತಿಂದಿದ್ದ, ನಮ್ಮನಿಯವರು ಕಣ್ಣಾರೆ ನೋಡ್ಯಾರ. ಎದುರುಮನಿಯಾಕಿಗೆ ತಿಳಿದು, ಗಂಡನ್ನ ಮೂರು ದಿನ ವರಾಂಡದಾಗ ಇಟ್ಟು ಗೋಮೂತ್ರ ಹಾಕಿ ಶುದ್ಧ ಮಾಡಿಕೊಂಡಳು. ಅಂಥಾ ಕಟ್ಟುನಿಟ್ಟು ಹೆಣ್ಣಮಗಳು ಅಂತ ನಾ ಹೊಗಳಿಕೆನ ಹೇಳಿದ್ದು.

ಅವರು ಎದುರುಮನಿಗೆ ಹೋದ್ರು, ಬಾಗಲಾಗ ನಿಂತರು, ಒಳಗ ಹೋಗಲಿಲ್ಲ. ಜಾತಕ ಕೂಡೂದಿಲ್ಲ ಅಂತ ಅಲ್ಲೇ ಹೇಳಿ ಹೊಂಟ್ರು. ಜಾತಕದ ಪಾಕೀಟು ಹೆಣ್ಣಮಗಳ ಕೈಯಾಗ ಹಂಗೇ ಇತ್ತು, ಅಂಟು ಬಿಚ್ಚಿರಲಿಲ್ಲ. ನಾ ನಮ್ಮನಿಯವರಿಗೆ ಹೇಳಿದೆ, ನೋಡ್ರಿ, ಪಾಕೀಟು ಒಡೀದನ ಜಾತಕ ಓದತಾರ, ಎಷ್ಟು ದೊಡ್ಡ ಪಂಡಿತರಿರಬೇಕು. ನಮ್ಮನಿಯವರು ಪೇಪರ ಮಡಚಿ ಮಾಳಗಿ ಮ್ಯಾಲೆ ಹೋದ್ರು.

ನಿಮ್ಮ ಕೈಯಾನ ಬೇಕ್ರಿ

ಅದಾಗಿ ಎಂಟು ದಿನಕ್ಕ ಎದುರುಮನಿಯಾಕಿ ನಮ್ಮ ಮನಿಗೆ ಬಂದಳು. ತಾನಾಗೇ ಬಂದು ಕೂಡಾಕಿ ಅಲ್ಲ ಆಕಿ. ಮಗಳ ಸಲುವಾಗಿ ಹನ್ನೊಂದು ಏಕಾದಶಿ ಕಟ್ಟುನಿಟ್ಟಾಗಿ ಹಿಡದೀನಿ, ವಿಠ್ಠಲನ ಮುಂದ ಬೇಡಿಕೊಂಡೀನಿ, ಒಂದು ಕಾಳು ಬಾಯಾಗ ಹೋದರೂ ವ್ರತ ಮುರೀತೈತಿ ಅಂದಳು. ಆಮ್ಯಾಲ ನನ್ನ ಕೈ ಹಿಡಕೊಂಡಳು.

"ಫರಾಳಕ್ಕ ನಿಮ್ಮ ಕೈಯಾನ ಆಲೂಗಡ್ಡಿನ ಬೇಕ್ರಿ. ಆಲೂಗಡ್ಡಿ, ತುಪ್ಪ ನಾನ ಕಳಸ್ತೀನಿ. ಕುದಿಸಬ್ಯಾಡ್ರಿ, ಹಸೀದನ್ನ ಹೆಚ್ಚಿ ನಿಧಾನಕ್ಕ ಹುರೀರಿ."

ನನಗ ಕಣ್ಣಾಗ ನೀರು ಬಂತು. ಎಷ್ಟೋ ವರ್ಷ ಎದುರಾಬದುರು ಇದ್ದರೂ ಆಕಿ ಬಾಯಿಂದ ನನ್ನ ಕೈರುಚಿ ಬಗ್ಗೆ ಒಂದು ಮಾತು ಬಂದಿರಲಿಲ್ಲ. ಹುಡುಗಿ ಸಲುವಾಗಿ ಮೊಣಕಾಲು ಹೋದರೂ ಹೋಗಲಿ ಅಂತ ಒಪ್ಪಿಕೊಂಡೆ.

ಮೊದಲ ಏಕಾದಶಿಗೆ ಒಂದು ಕಿಲೋ ಬಂತು. ಎರಡನೇದಕ್ಕ ಎರಡು ಕಿಲೋ. ಇರೋರು ಮೂರು ಮಂದಿ, ಅದರಾಗ ಉಪವಾಸ ಇರಾಕಿ ಒಬ್ಬಾಕಿ. ಇಷ್ಟು ಯಾಕ್ರಿ ಅಂದ್ರ, ನಿಮ್ಮ ಕೈಯಾಂದು ಸಾಲೂದಿಲ್ರಿ ಅಂತಾಳ. ಹೋಳು ಶೇಂಗಾಕಾಳಿನಷ್ಟು ಇರಲಿ ಅಂತಾಳ. ನಾ ಚಾಕು ಹಿಡಕೊಂಡು ಬೆಳಿಗ್ಗಿ ಕೂತ್ರ ಮಧ್ಯಾಹ್ನ ಏಳತಿದ್ದೆ. ಬೆರಳಿನ ರೇಖಾ ಎಲ್ಲಾ ಅಳಿಸಿ ಹೋದವು. ರೇಷನ್ ಅಂಗಡಿಯಾಗ ಹೆಬ್ಬೆಟ್ಟು ಇಟ್ರ ಮಷೀನು ನನ್ನ ಗುರ್ತು ಹಿಡೀಲಿಲ್ಲ. ಈ ಅಮ್ಮ ಬದುಕಿ ಅದಾಳ ಅಂತ ರಾಯಚೂರಾಕಿ ಸಾಕ್ಷಿ ಹೇಳಬೇಕಾತು, ಅದನ್ನೂ ಆಕಿ ಸ್ವಲ್ಪ ವಿಚಾರ ಮಾಡಿ ಹೇಳಿದಳು.

ಕುಕ್ಕರಿನ ಎರಡು ಸೀಟಿ

ಮೂರನೇ ಏಕಾದಶಿ ದಿನಾನ ಮೂರನೇ ಸಂಬಂಧದವರು ಬರೋರಿದ್ರು. ಒಳ್ಳೇ ದಿನ ಅಂತ ಎದುರುಮನಿಯಾಕೀನ ಆ ದಿನ ಹೇಳಿದ್ದಳು. ಅವತ್ತ ಮೂರು ಕಿಲೋ ಬಂತು. ನನ್ನ ಕೈಲೆ ಆಗಲಿಲ್ಲ. ಯಾರಿಗೂ ಕಾಣದಂಗ ಕುಕ್ಕರಿಗೆ ಹಾಕಿ ಎರಡು ಸೀಟಿ ಹೊಡಿಸಿ, ಸಿಪ್ಪಿ ಸುಲಿದು, ಒಗ್ಗರಣಿ ಹಾಕಿ, ಇಂಗು ಚಿಮುಕಿಸಿ, ಅರ್ಧಾ ತಾಸಿನ್ಯಾಗ ಮುಗಿಸಿದೆ. ಹೋಗಿ ಖುರ್ಚಿಯಾಗ ಕೂತೆ.

ಹುಡುಗನ ಸೋದರತ್ತಿ ಒಬ್ಬಾಕೇ ಮುಂದ ಬಂದಳು, ಉಳಿದವರು ಗಾಡಿ ನಿಲ್ಲಿಸಾಕ ಜಾಗಾ ಹುಡಕಾಕತ್ತಿದ್ರು. ಈ ಸಲ ನಾ ವಯಸ್ಸಿನ ಸುದ್ದಿ ತೆಗೀಲಿಲ್ಲ, ಆಮ್ಲೆಟ್ ಸುದ್ದಿನೂ ತೆಗೀಲಿಲ್ಲ. ಹುಡುಗಿ ದಿನಾ ಅಷ್ಟು ದೂರ ಹೆಂಗ ಹೋಗಿ ಬರತಾಳ ಅಂತ ಆಕೀನ ಕೇಳಿದಳು. ಹೋಗುವಾಗ ಬಸ್ಸು, ಬರುವಾಗ ತಿರುವಿನ ತನಕ ಒಬ್ಬ ಗಂಡಮಗ ಸ್ಕೂಟರ ಮ್ಯಾಲೆ ಬಿಟ್ಟು ಹೋಗತಾನ, ದೂರಿಂದ ಭಾಳ ಚೊಕ್ಕ ಕಾಣತಾನ, ಕರಿ ಕೂದಲಾ, ಬಿಳೇ ಅಂಗಿ ಅಂದೆ. ನನಗ ತಿಳಿದಷ್ಟು ಹೇಳಿದೆ, ಒಂದು ಅಕ್ಷರ ಕೂಡಿಸಿಲ್ಲ.

ಆಕಿ ಎದ್ದು ಗಾಡಿ ಕಡಿಗೇ ಹೋದಳು. ಗಾಡಿಗೆ ಜಾಗಾನ ಬೇಕಾಗಲಿಲ್ಲ. ಸ್ಕೂಟರಿನವ ಎದುರುಮನಿಯಾಕಿ ಖಾಸ ತಮ್ಮ, ವಯಸ್ಸು ಅರವತ್ತು ಅಂತ ನನಗ ಆಮ್ಯಾಲ ತಿಳೀತು. ಅರವತ್ತು ವರ್ಷದಾಂವ ಕೂದಲಿಗೆ ಬಣ್ಣ ಹಚ್ಚಿಕೊಂಡು ತಿರಗಿದ್ರ ಅದು ಯಾರ ತಪ್ಪು, ನೀವೇ ಹೇಳ್ರಿ.

ಸಂಜಿಕಿ ಎದುರುಮನಿಯಾಕಿ ಡಬ್ಬಿ ಒಯ್ಯಾಕ ಬಂದಳು. ಕಣ್ಣು ಕೆಂಪಾಗಿದ್ದವು. ಕಟ್ಟಿ ಮ್ಯಾಲಿನ ಕುಕ್ಕರ ನೋಡಿದಳು, ಭಾಳ ಹೊತ್ತು ನೋಡಿದಳು. ಕುದಿಸಿದ್ರೇನು ಅಂದಳು. ಲಗೂನ ಆಗಲಿ ಅಂತ ಅಂದೆ. ಹೋಗುವಾಗ ಆಕಿ ನನ್ನ ಕುಕ್ಕರಿನ ಸೀಟಿ ಬಿಚ್ಚಿಕೊಂಡು ಹೋದಳು.

ಸೊಸಿ ಓದಿದ್ದು

ನಮ್ಮ ಸೊಸಿ ಏನು ತಂದರೂ ಹಿಂದ ಮುಂದ ತಿರುವಿ ಓದತಾಳ. ಬಿಸ್ಕೀಟಿನ ಪಾಕೀಟು ಓದಾಕ ಕೂತ್ಲಂದ್ರ ಚಹಾ ಆರಿ ಹೋಗತೈತಿ. ನಾ ಕಲಿತದ್ದು ನಾಕನೇ ಇಯತ್ತಾ, ಅದೂ ಮಾಸ್ತರ ಕರುಣೆಲೆ. ನನಗ ಡಬ್ಬಿ ಮುಚ್ಚಳದ ಬಣ್ಣ ಗೊತ್ತು, ಸಾಕು.

ಒಂದು ದಿನ ಆಕಿ ಇಂಗಿನ ಡಬ್ಬಿ ಹಿಡಕೊಂಡು ನಿಂತಳು. ಅತ್ತಿ, ಇದರಾಗ ಗೋದಿ ಹಿಟ್ಟು ಐತಿ ಅಂದಳು. ಇಂಗಿನ್ಯಾಗ ಗೋದಿ ಹೆಂಗ ಬರತೈತಿ, ನಿಂಗ ಹುಚ್ಚೇನು ಅಂದೆ. ಪುಡಿ ಇಂಗಿಗೆಲ್ಲ ಹಿಟ್ಟು ಕೂಡಸತಾರತ್ತಿ, ಇಲ್ಲೇ ಬರದಾರ, ಇಂಗಿಗಿಂತ ಮೊದಲ ಹಿಟ್ಟಿನ ಹೆಸರೇ ಐತಿ ಅಂತ ಬೆರಳಿಟ್ಟು ತೋರಿಸಿದಳು.

ನಾ ಅಲ್ಲೇ ನೆಲಕ್ಕ ಕೂತೆ. ಗೋದಿ. ಏಕಾದಶಿ ದಿನ. ಎದುರುಮನಿಯಾಕಿ ಒಂದು ಕಾಳೂ ಮುಟ್ಟಬಾರದು ಅಂತ ವಿಠ್ಠಲನ ಮುಂದ ಬೇಡಿಕೊಂಡಾಳ, ನಾ ಪ್ರತಿ ಏಕಾದಶಿ ನನ್ನ ಕೈಯಾರೆ ಗೋದಿ ಚಿಮುಕಿಸಿ ಕೊಟ್ಟೀನಿ. ಮೂರನೇ ಸಂಬಂಧ ಯಾಕ ಮುರೀತು ಅಂತ ಈಗ ತಿಳೀತು. ಸ್ಕೂಟರೂ ಅಲ್ಲ, ಏನೂ ಅಲ್ಲ, ನನ್ನ ಇಂಗು. ಆ ಹುಡುಗಿ ತಲಿ ಬೆಳ್ಳಗಾಗಾಕ ನಾನ ಕಾರಣ.

ಎದುರುಮನಿಯಾಕಿದು ಒಂದು ಕಡಿ. ಇಡೀ ಲೈನಿನ ಏಕಾದಶಿ ಎಷ್ಟು ವರ್ಷ ಕೆಡಿಸೀನಿ ಅಂತ ಎಣಿಸಾಕ ಕೂತ್ರ ಬೆರಳು ಸಾಲೂದಿಲ್ಲ. ರಾಯಚೂರಾಕಿ ಅತ್ತಿ ಸತ್ತದ್ದು ಆಷಾಢ ಏಕಾದಶಿ ದಿನ. ಎಂಥಾ ಪುಣ್ಯವಂತಿ, ಉಪವಾಸದಾಗ ಜೀವ ಬಿಟ್ಟಳು, ಸೀದಾ ವೈಕುಂಠಕ್ಕ ಹೋದಳು ಅಂತ ಎಲ್ಲಾರೂ ಕೈ ಮುಗಿದ್ರು. ಹೋಗೂಕಿಂತ ಮೊದಲ ಆಕಿ ನನ್ನ ಆಲೂಗಡ್ಡಿ ಎರಡು ಸಲ ಹಾಕಿಸಿಕೊಂಡಿದ್ದಳು. ಪಾಪ, ಬಾಗಲಾಗಿಂದ ವಾಪಸ ಕಳಿಸಿದ್ರೋ ಏನೋ.

ಇಂಗಿಲ್ಲದ್ದು

ಹೇಳಿಬಿಡಬೇಕು ಅಂತ ನಾಕು ಸಲ ಎದುರುಮನಿ ಗೇಟಿನ ತನಕ ಹೋದೆ. ನಾಕು ಸಲಾನೂ ಬ್ಯಾರೇ ಯಾರದೋ ಸುದ್ದಿ ಹೇಳಿ ಬಂದೆ. ಬಾಯಿ ಚಟ ಬಿಡೂದಿಲ್ಲ, ತನ್ನ ಸುದ್ದಿಗೆ ಮಾತ್ರ ಬೀಗ ಬೀಳತೈತಿ.

ಮುಂದಿನ ಏಕಾದಶಿಗೆ ನಾಕು ಕಿಲೋ ಬಂತು. ಇನ್ನು ಇಂಗು ಮುಟ್ಟಬಾರದು ಅಂತ ಡಬ್ಬಿ ಎತ್ತಿ ಗೋದಿ ಡಬ್ಬಿ ಬಾಜೂಕ ಇಟ್ಟೆ, ಅದರ ಬಳಗದ ಕೂಡ ಇರಲಿ ಅಂತ. ಇಂಗಿಲ್ಲದ ಆಲೂಗಡ್ಡಿ ಕೊಟ್ಟು ಅಂಜಿಕೋತ ಕೂತೆ. ರುಚಿ ಕೆಡತೈತಿ, ಆಕಿ ಕೇಳತಾಳ, ಆಗ ಹೇಳಲೇಬೇಕಾಗತೈತಿ, ಹೇಳಿಬಿಡೂಣು ಅಂತ ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಮರುದಿನ ಖಾಲಿ ಡಬ್ಬಿ ತಂದು ಕೊಟ್ಟು, ಎಂದಿನಂಗ ಭಾಳ ರುಚಿ ಆಗಿತ್ರಿ ಅಂದಳು. ಎಂದಿನಂಗ ಅಂತ. ರಾಯಚೂರಾಕಿಗೂ ಒಂದು ವಾಟಿ ಕಳಿಸಿದ್ದೆ, ಆಕಿ ಅಂತೂ ಇಷ್ಟು ದಿನಕ್ಕಿಂತ ಇವತ್ತ ಚಲೋ ಆಗೈತ್ರಿ ಅಂದಳು.

ವ್ರತ ಉಳೀತು ಅಂತ ಖುಷಿ ಪಡಬೇಕೋ, ನಮ್ಮತ್ತಿ ಸಾಯೂ ತನಕ ಕಾಯ್ದ ಗುಟ್ಟು ದಂಡ ಆತು ಅಂತ ಅಳಬೇಕೋ ತಿಳೀಲಿಲ್ಲ. ಎರಡೂ ಮಾಡಾಕ ಕಸುವು ಇರಲಿಲ್ಲ, ಅಡ್ಡಾಗಿಬಿಟ್ಟೆ.

ಇಸ್ತ್ರಿಯವ ಹೇಳಿದ್ದು

ನಾಕನೇ ಸಂಬಂಧ ಇದೇ ಊರಾಗಿನ ಮಣಿಕೊಂಡ ಏರಿಯಾದ್ದು. ಹುಡುಗ ಬ್ಯಾಂಕಿನ್ಯಾಗ ಅದಾನ, ಮನಿತನ ಕಲಬುರಗಿ ಕಡಿದು ಅಂತ ಇಷ್ಟೇ ತಿಳಿದಿತ್ತು. ಅವರು ಬರೋದೂ ಏಕಾದಶಿ ದಿನಾನ, ವ್ರತದ ಹನ್ನೊಂದನೇದು. ಅವತ್ತ ಬಂದದ್ದು ಎಂಟು ಕಿಲೋ. ಚೀಲಾ ಹೊತ್ತು ತಂದವ ಇಳಿಸಿ, ಅಮ್ಮಾ ಫಂಕ್ಷನಾ ಅಂತ ಕೇಳಿದ. ಹೌದಪ್ಪಾ, ನಂದೇ ಇರಬೇಕು ಅಂದೆ.

ಸೂರ್ಯ ಏರೂದರಾಗ ಹೆಚ್ಚಾಕ ಕೂತೆ. ಸೊಸಿ ಆಫೀಸಿನ ಮೀಟಿಂಗ ಐತಿ ಅಂತ ಖೋಲಿ ಬಾಗಲಾ ಹಾಕ್ಕೊಂಡಳು. ನಮ್ಮನಿಯವರು ಮಾಳಗಿ ಮ್ಯಾಲೆ. ಒಂದು ಬಾಣಲಿ ಹುರಿದು ಇಳಿಸಿದ್ರ ಎರಡನೇದು, ಎರಡನೇದು ಇಳಿಸಿದ್ರ ಮೂರನೇದು. ಹೊರಗ ಗಾಡಿ ನಿಂತ ಸದ್ದಾತು. ಒಲಿ ಸಣ್ಣ ಮಾಡಿ ಹೆಜ್ಜಿ ಎತ್ತಿದೆ, ಅಷ್ಟರಾಗ ಹುಡುಗೀನ ರೇಷ್ಮಿ ಸೀರಿ ಉಟಕೊಂಡು ಹಿತ್ತಲ ಬಾಗಲಿಂದ ಬಂದಳು. ಕಾಕು, ಇನ್ನಷ್ಟು ಕೆಂಪಗ ಆಗಬೇಕಂತ ಅವ್ವ ಹೇಳ್ಯಾಳ, ಹತ್ತಿದ್ರ ವ್ರತಕ್ಕ ಬರೂದಿಲ್ಲಂತ ಅಂದಳು. ಹತ್ತಬಾರದು ಅಂದ ಮ್ಯಾಲೆ ಬಿಟ್ಟು ಹೋಗೂದೆಂಗ? ಈ ಸಲಾನೂ ಮುರಿದ್ರ ಹುಡುಗಿ ಗತಿ ಏನು? ತಿರುವಿಕೋತ ನಿಂತೆ. ಅಡಗಿಮನಿ ಕಿಡಕಿಯಿಂದ ಗಾಡಿ ಹಿಂದಿನ ದೀಪ ಒಂದು ಕಂಡಿತು, ಒಬ್ಬರ ಚಪ್ಪಲ ಕಂಡವು. ಚಲೋ ಚಪ್ಪಲ. ಅದರ ಮ್ಯಾಲೆ ಏನೇನು ಇತ್ತೋ ನೋಡಾಕ ಆಗಲಿಲ್ಲ.

ಎಂಟು ಕಿಲೋ ಮುಗಿದಾಗ ನಾಕು ಹೊಡೆದಿತ್ತು. ಮಾರಿ ತೊಳಕೊಂಡು ಹೊರಗ ಬಂದ್ರ ಗಾಡಿ ಇಲ್ಲ, ಎದುರುಮನಿ ಬಾಗಲಾ ಹಾಕಿತ್ತು.

ಮರುದಿನ ಇಸ್ತ್ರಿಯವ ಬಟ್ಟಿ ಕೊಡಾಕ ಬಂದ. ಅಮ್ಮಾ, ಎದುರಿಂಟ್ಲೋ ನಿಶ್ಚಿತಾರ್ಥಂ ಕುದಿರಿಂದಂಟ ಕದಾ ಅಂದ. ಸಂಬಂಧ ಕೂಡಿ, ಮಾತು ಮುಗಿದು, ತಾರೀಖು ಗೊತ್ತಾಗಿ, ಸೀರಿ ಇಸ್ತ್ರಿಗೆ ಬಂದಾವು. ಲೈನಿನ್ಯಾಗ ಯಾರ ಮನ್ಯಾಗ ಏನು ಆದರೂ ಇಸ್ತ್ರಿಯವಗ ಹೇಳಾಕಿ ನಾನು. ಈಗ ಅವ ನನಗ ಹೇಳಾಕತ್ತಾನ. ಅದೂ ನಿಮಗ ಗೊತ್ತಿರತೈತಿ ಅಂತ ಅರ್ಧಾ ಹೇಳಿ ಹೊಂಟಿದ್ದ. ಉಳಿದರ್ಧಾ ಕೇಳಾಕ ನಾ ಇನ್ನೆರಡು ಸೀರಿ ಇಸ್ತ್ರಿಗೆ ಹಾಕಬೇಕಾತು.

ಮಾರಿ ಮ್ಯಾಲೆ ಹೇಳಿದ್ದು

ಖುಷಿ ಆತು, ಸುಳ್ಳು ಯಾಕ ಹೇಳಲಿ. ಹುಡುಗಿ ಮಾರಿ ನೋಡಿದ್ರ ದೀಪ ಹಚ್ಚಿದಂಗ ಇತ್ತು. ಆದ್ರ ಸುರುವಿನ ಮೂರು ಏಕಾದಶಿ ನಾ ಗೋದಿ ತಿನಿಸೀನಿ. ವ್ರತ ಮೊದಲ ಮುರಿದು ಹೋಗೈತಿ. ಮುರಿದ ವ್ರತದ ಮ್ಯಾಲೆ ಕೂಡಿದ ಲಗ್ನ ನಿಲ್ಲತೈತೇನು? ನಾಳೆ ಆಕಿ ಸಂಸಾರದಾಗ ಒಂದು ಮಾತು ಹೆಚ್ಚು ಕಡಿಮಿ ಆದ್ರ ನಾ ಹೆಂಗ ಬದುಕಲಿ? ಎರಡು ದಿನ ಅನ್ನ ಇಳೀಲಿಲ್ಲ. ಈಗಿಂದನ ಹೇಳಿದ್ರ ಮತ್ತ ಹನ್ನೊಂದು ಏಕಾದಶಿ ಹಿಡಿಯಾಕ ಬರತೈತಿ, ಬೈದರ ಬೈಯಲಿ, ಲೈನಿನ ಮುಂದ ಮಾನ ಹೋದರ ಹೋಗಲಿ ಅಂತ ಇಂಗಿನ ಡಬ್ಬಿ ಸೆರಗಿನ್ಯಾಗ ಮುಚ್ಚಿಕೊಂಡು ಎದುರುಮನಿಗೆ ಹೋದೆ.

ಆಕಿ ಕಟ್ಟಿ ಮ್ಯಾಲೆ ಕುಪ್ಪಸದ ಅರಿವಿ ಹರವಿಕೊಂಡು ಕೂತಿದ್ದಳು. ನಾ ನಿಂತಲ್ಲೇ ಎಲ್ಲಾ ಹೇಳಿದೆ. ನಮ್ಮತ್ತಿ ಹೇಳಿದ್ದು, ಗಟ್ಟಿ ಇಂಗು, ಪುಡಿ ಇಂಗು, ಸೊಸಿ ಓದಿದ ಅಕ್ಷರ, ಎಲ್ಲಾ. ಡಬ್ಬಿ ತೆಗೆದು ಆಕಿ ಮುಂದ ಇಟ್ಟೆ. ನನ್ನಿಂದ ನಿಮ್ಮ ವ್ರತ ಕೆಟ್ಟೈತಿ, ಹುಡುಗಿ ಸಲುವಾಗಿ ಮತ್ತ ಮೊದಲಿಂದ ಹಿಡೀರಿ, ಈ ಸಲ ನೀರು ಸೈತ ಶೋಧಿಸಿ ಹಾಕತೀನಿ ಅಂತ ಕೈ ಮುಗಿದೆ. ನಲವತ್ತು ವರ್ಷದಾಗ ಆಕಿ ಮುಂದ ನಾ ಕೈ ಮುಗಿದದ್ದು ಅದೇ ಮೊದಲು.

ಆಕಿ ಡಬ್ಬಿ ನೋಡಿದಳು. ನನ್ನ ನೋಡಿದಳು. ಕುಪ್ಪಸದ ಅರಿವಿ ಒಂದೊಂದೇ ಮಡಚಿ ಇಟ್ಟಳು. ಆಮ್ಯಾಲ ಕೂಡ್ರಿ ಅಂದಳು. ಕೂತೆ.

"ಇಂಗಿನ ಚಿಂತಿ ಬಿಡ್ರಿ. ನಿಮ್ಮ ಆಲೂಗಡ್ಡಿದು ಒಂದು ಹೋಳೂ ನಾ ಬಾಯಾಗ ಹಾಕ್ಕೊಂಡಿಲ್ಲ. ನಿಮ್ಮ ಇಂಗಿನ ವಾಸನಿ ಮೊದಲ ದಿನಾನ ಸೀದಾ ನಮ್ಮ ದೇವರ ಖೋಲಿಗೆ ಬಂದಿತ್ತು. ಹನ್ನೊಂದು ಏಕಾದಶಿ ನಾ ಬಾಳೆಹಣ್ಣಿನ ಮ್ಯಾಲೆ ಕಳದೀನಿ."

ಹಂಗಾರ ಅಷ್ಟು ಕಿಲೋ ಯಾರು ತಿಂದ್ರು ಅಂತ ಕೇಳಿದೆ. ಗಂಡ ಡಬ್ಬಿ ಕಟಗೊಂಡು ಹೋಗಿ ಫ್ಯಾಕ್ಟರಿ ಗೇಟಿನ ವಾಚಮನ್ನರಿಗೆ ಹಂಚತಿದ್ದನಂತ, ಅವರು ಏಕಾದಶಿ ಎಂದು ಬರತೈತಿ ಅಂತ ಪಂಚಾಂಗ ನೋಡಾಕ ಕಲಿತಾರಂತ. ಹಂಗಾರ ನನ್ನ ಕೈಲೆ ಯಾಕ ಹುರಿಸಿದ್ರಿ, ನನ್ನ ಮೊಣಕಾಲಿನ ಮ್ಯಾಲೆ ಏನು ಸಿಟ್ಟು ಅಂದೆ. ಆಕಿ ಇಂಗಿನ ಡಬ್ಬಿ ಎತ್ತಿ ನನ್ನ ಕೈಯಾಗ ಇಟ್ಟಳು. ಸಿಟ್ಟಿಲೆ ಹೇಳಿದ್ರ ನಾನೂ ತಿರುಗಿ ಹೇಳತಿದ್ದೆ. ಆಕಿ ಭಾಳ ದಣಿದ ದನಿಯಾಗ ಹೇಳಿದಳು.

"ಮೂರು ಸಂಬಂಧ ನಿಮ್ಮ ಗೇಟಿನ್ಯಾಗ ಮುರಿದು ಬಿದ್ದಾವ್ರಿ. ನೀವು ಒಲಿ ಮುಂದ ಇದ್ದಷ್ಟು ಹೊತ್ತು ಖುರ್ಚಿ ಮ್ಯಾಲೆ ಇರೂದಿಲ್ಲ. ಹುಡುಗನ ತಂದಿ ಎಂಟು ಕಿಲೋದಾಗ ಮನಿ ನೋಡಿದ, ಹುಡುಗಿ ನೋಡಿದ, ವೀಳ್ಯ ಬದಲಿ ಮಾಡಿ ಹೋದ. ಲಗ್ನಕ್ಕ ತಪ್ಪದ ಬರ್ರಿ, ನಿಮ್ಮ ಸಲುವಾಗಿ ಜಾಗಾ ಹಿಡಿದಿಟ್ಟೀನಿ, ಅಡಗಿ ಭಟ್ಟರ ಬಾಜೂಕ."